ಹೌದಪ್ಪನ ಮಗಳಿಗೆ ಹೆದರಿಕೆ ತೆಗೆಸಿದ್ದು

ಲೋಕದಲ್ಲಿ ‘ಅಲ್ಲ’ ಎನ್ನಲು ಬಾರದವರು ಎರಡು ಬಗೆ. ಹೊಸದಾಗಿ ಮದುವೆಯಾದವರು ಒಂದು ಬಗೆ. ಅವರಿಗೆ ಕಾಲಕ್ರಮೇಣ ಬರುತ್ತದೆ. ಇನ್ನೊಂದು ಬಗೆ ನಮ್ಮ ಹೌದಪ್ಪ. ಹೆತ್ತವರು ಅವನಿಗೆ ಚೆಂದದ ಹೆಸರನ್ನೇ ಇಟ್ಟಿದ್ದರು, ಪಾಪ. ಆದರೆ ಆ ಹೆಸರು ಹಿಡಿದು ಕರೆದರೆ ಈಗ ಅವನೇ ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಹಿಂದೆ ತಿರುಗಿ ನೋಡುತ್ತಿದ್ದ. ಹೌದಪ್ಪನ ಚಾವಡಿಯಲ್ಲಿ ಹೌದಪ್ಪ, ಅಲ್ಲಪ್ಪನ ಚಾವಡಿಯಲ್ಲಿ ಅಲ್ಲಪ್ಪ ಎಂದು ಗಾದೆಯೇ ಇದೆಯಲ್ಲ, ಇವನು ಅಲ್ಲಪ್ಪನ ಚಾವಡಿಗೆ ಹೋದರೂ ಹೌದಪ್ಪನೇ. ಒಮ್ಮೆ ಕ್ಷೌರದಂಗಡಿಯವನು ‘ಇನ್ನೂ ಸ್ವಲ್ಪ ತೆಗೀಲಾ?’ ಎಂದು ಕೇಳಿದ್ದಕ್ಕೆಲ್ಲ ಹೌದು ಹೌದು ಎಂದು, ಬೋಳು ತಲೆಯಲ್ಲಿ ಮನೆಗೆ ಬಂದು ಬಾಗಿಲು ತಟ್ಟಿದ್ದ. ಹೆಂಡತಿ ಒಳಗಿನಿಂದಲೇ ‘ಯಾರು ಬೇಕಾಗಿತ್ತು?’ ಎಂದು ಕೇಳಿದ್ದಳು.

ಕೆಲಸ ಬಕೆಟ್ ಕಾರ್ಖಾನೆಯಲ್ಲಿ. ಅಚ್ಚಿನಿಂದ ಬಿಸಿಬಿಸಿಯಾಗಿ ಬಿದ್ದ ಪ್ಲಾಸ್ಟಿಕ್ ಬಕೆಟ್ಟು ಆರಿದ ಮೇಲೆ ಅದಕ್ಕೆ ಹಿಡಿಕೆ ಸಿಕ್ಕಿಸಿ, ಎರಡೂ ಕೈಯಿಂದ ಜಗ್ಗಿ ನೋಡುವುದು. ಹಿಡಿಕೆ ಕಳಚಿ ಬಂದರೆ ಪಕ್ಕಕ್ಕೆ, ನಿಂತರೆ ಮುಂದಕ್ಕೆ. ಯಂತ್ರಗಳ ಸದ್ದಿಗೆ ಅಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ಅಂದಾಜಿನಲ್ಲಿ ತಲೆಯಾಡಿಸುವುದೇ ಅಲ್ಲಿನ ಸಂಭಾಷಣೆ. ಹೌದಪ್ಪನಿಗೆ ಹೇಳಿ ಮಾಡಿಸಿದ ಜಾಗ.

ಅವನಿಗೊಬ್ಬಳೇ ಮಗಳು. ಹೆದರಿದಾಗಲೆಲ್ಲ ಎರಡೂ ಕಣ್ಣು ಮಿಣಮಿಣ ಎನ್ನಿಸುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಮಿಣುಕಿ. ಅವಳು ಹೆದರದೆ ಇದ್ದ ವಸ್ತುವನ್ನು ಹುಡುಕುವುದೇ ಕಷ್ಟವಿತ್ತು. ಬಚ್ಚಲ ತೂತಿನಲ್ಲಿ ನೀರು ಗೊರಗೊರ ಎಂದು ಇಳಿಯುವುದು, ಊದಿದ ಬಲೂನು, ಗೂಟಕ್ಕೆ ನೇತುಹಾಕಿದ ಅಪ್ಪನ ಅಂಗಿ, ಶಾಲೆಯ ಗಂಟೆ, ಎಲ್ಲಕ್ಕೂ ಹೆದರಿಕೆ. ಅಮ್ಮನಿಗೆ ಹೇಳಿದರೆ ‘ಹುಚ್ಚಿ, ಅದಕ್ಕೆಲ್ಲ ಹೆದರ್ತಾರಾ?’ ಎನ್ನುತ್ತಿದ್ದಳು. ಅವಳದ್ದೂ ತಪ್ಪಲ್ಲ, ಇಡೀ ದಿನ ಶಾಲೆಯ ಸಮವಸ್ತ್ರ ಹೊಲಿದು ಹೊಲಿದು ಅವಳಿಗೆ ಹೆದರಲೂ ಪುರಸೊತ್ತಿರಲಿಲ್ಲ. ಅಪ್ಪನಿಗೆ ಹೇಳಿದರೆ ಮಾತ್ರ ಬೇರೆ ಸಂಗತಿ.

"ಅಪ್ಪ, ಬಚ್ಚಲ ತೂತು ಇವತ್ತು ನನ್ನ ಹೆಸರು ಹಿಡಿದು ಕರೀತು."

"ಹೌದಾ?"

"ನಿನ್ನ ಅಂಗಿ ಉಸಿರಾಡುತ್ತೆ."

"ಹೌದು ಕಣಮ್ಮ, ನಾನೂ ನೋಡಿದೀನಿ."

ಅಷ್ಟೇ ಸಾಕಿತ್ತು. ಹುಡುಗಿ ಹಗುರಾಗಿ ಹೋಗಿ ಊಟಕ್ಕೆ ಕೂರುತ್ತಿದ್ದಳು. ಊರಿಗೆಲ್ಲ ನಗೆಪಾಟಲಾದ ಹೌದಪ್ಪನ ಕಾಯಿಲೆ ಜಗತ್ತಿನಲ್ಲಿ ಒಬ್ಬಳಿಗೆ ಮದ್ದಾಗಿತ್ತು. ದಿನವೂ ಸಂಜೆ ಮಗಳು ಬಂದು ಅಂದಂದಿನ ಹೆದರಿಕೆಯನ್ನು ತನ್ನ ಮುಂದೆ ಸುರಿಯುವುದೇ ಅವನಿಗೆ ಸಿಕ್ಕಿದ್ದ ಒಂದೇ ಮರ್ಯಾದೆ. ಅದೊಂದು ಹೋದರೆ ತನ್ನ ಬಳಿ ಏನೂ ಉಳಿಯುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕಳೆದುಕೊಂಡ. ಹೇಗೆ ಅಂತ ಕೇಳಿ.

ಒಂದು ದಿನ ಶಾಲೆಯ ಮೇಡಂ ಕರೆಸಿದರು.

"ನಿಮ್ಮ ಮಗಳು ಬೆಲ್ ಹೊಡೆದ ಕೂಡ್ಲೇ ಬೆಂಚಿನ ಕೆಳಗೆ ಹೋಗಿ ಕೂತ್ಕೋತಾಳೆ. ಮನೇಲೂ ಹೀಗೇನಾ?"

"ಹೌದು ಮೇಡಂ. ಮನೇಲಿ ಮಂಚದ ಕೆಳಗೆ."

"ಹೊಸ ಕಾಂಪ್ಲೆಕ್ಸಲ್ಲಿ ಒಂದು ಸಿನಿಮಾ ಬಂದಿದೆ. ಮಕ್ಕಳ ಹೆದರಿಕೆ ಬಗ್ಗೆನೇ ತೆಗೆದಿರೋದು. ಶುಕ್ರವಾರ ಬೆಳಗಿನ ಆಟ ಮಾತ್ರ ಉಳಿದಿದೆ. ಮನೆಯವರೆಲ್ಲ ಕೂತು ನೋಡಿ, ಅವಳ ಹೆದರಿಕೆ ಹೋಗುತ್ತೆ."

"ಕಾರ್ಟೂನಾ ಮೇಡಂ?"

ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. "ಕಾರ್ಟೂನ್ ಅಲ್ಲ. ಅನಿಮೇಷನ್."

ಆ ಪದ ಹೌದಪ್ಪನಿಗೆ ಬಹಳ ಹಿಡಿಸಿತು. ಕಾರ್ಟೂನ್ ನೋಡಲು ರಜ ಬೇಕು ಎಂದರೆ ಮ್ಯಾನೇಜರು ಬಕೆಟ್ಟಿನಲ್ಲಿ ಹೊಡೆದಾರು. ಅನಿಮೇಷನ್ ಎಂದರೆ ಅದಕ್ಕೊಂದು ತೂಕ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ. ಹೆಂಡತಿ "ಬೊಂಬೆ ಸಿನಿಮಾ ಅನ್ನೋಕೆ ನಿಮ್ಮ ಬಾಯಿಗೇನಾಗಿದೆ?" ಎಂದಳು. "ಅದಕ್ಕೆ ಅನಿಮೇಷನ್ ಅಂತಾರೆ ಕಣೇ" ಎಂದು ಮೊದಲ ಬಾರಿಗೆ ಅವಳನ್ನು ತಿದ್ದಿದ. ಗಂಡಸಿಗೆ ಹೊಸ ಪದ ಸಿಕ್ಕಿದರೆ ಆಗುವ ಅನಾಹುತವೇ ಇದು.

ಮರುದಿನ ಕಾರ್ಖಾನೆಯಲ್ಲಿ ಮ್ಯಾನೇಜರು ಅಚ್ಚಿನ ಯಂತ್ರದ ಪಕ್ಕ ನಿಂತಿದ್ದರು. ರಜೆ ಎಂಬ ಪದ ಕೇಳಿದರೆ ಉರಿದು ಬೀಳುವ ಮನುಷ್ಯ.

"ಸರ್, ಶುಕ್ರವಾರ ರಜ ಬೇಕಿತ್ತು!"

"ಯಾಕೆ?"

"ಮಗಳಿಗೆ ಅನಿಮೇಷನ್ ಸರ್!"

ಸರಿಯಾಗಿ ಆಗಲೇ ದೊಡ್ಡ ಅಚ್ಚು ಧಡಾರನೆ ಮುಚ್ಚಿಕೊಂಡಿತು. ಪದದ ಮೊದಲ ಭಾಗ ಅದರೊಳಗೆ ಸಿಕ್ಕಿ ಬಕೆಟ್ಟಾಯಿತು. ಮ್ಯಾನೇಜರ ಕಿವಿಗೆ ತಲುಪಿದ್ದು ಬಾಲ ಮಾತ್ರ.

"ಆಪರೇಷನ್ನಾ?"

ಹೌದಪ್ಪನಿಗೆ ಅವರ ತುಟಿ ಅಲ್ಲಾಡಿದ್ದು ಕಂಡಿತೇ ಹೊರತು ಮಾತು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಅವನ ಬಳಿ ಸಿದ್ಧ ಉತ್ತರವಿತ್ತು. "ಹೌದು ಸರ್!"

ಮ್ಯಾನೇಜರ ಮುಖ ಇಳಿದುಹೋಯಿತು. ಅವನ ಹೆಗಲ ಮೇಲೆ ಕೈ ಹಾಕಿ ಗಾಜಿನ ಕೋಣೆಗೆ ಕರೆದೊಯ್ದು, ತಮ್ಮ ಕುರ್ಚಿಯ ಎದುರಿನ ಕುರ್ಚಿಯಲ್ಲಿ ಕೂರಿಸಿದರು. ಆ ಕುರ್ಚಿಯಲ್ಲಿ ಅಲ್ಲಿಯವರೆಗೆ ಕಾರ್ಮಿಕರು ಯಾರೂ ಕೂತಿರಲಿಲ್ಲ.

"ಏನಾಗಿದೆ ಮಗೂಗೆ?"

"ಹೆದರಿಕೆ ಸರ್."

"ಹೆದರಿಕೆ ಇರೋದೇ ಕಣಪ್ಪ, ಇಂಥ ಹೊತ್ತಲ್ಲಿ ಯಾರಿಗಿರಲ್ಲ? ಎಲ್ಲಿ?"

"ಹೊಸ ಕಾಂಪ್ಲೆಕ್ಸಲ್ಲಿ ಸರ್. ನಾಲ್ಕನೇ ಮಹಡಿ."

ಆ ಕಾಂಪ್ಲೆಕ್ಸಿನ ಕೆಳಗಿನ ಮೂರು ಮಹಡಿ ಆಸ್ಪತ್ರೆ. ಮ್ಯಾನೇಜರು ತಲೆದೂಗಿದರು. "ಒಳ್ಳೆ ಜಾಗ. ಎಷ್ಟೊತ್ತು ಹಿಡಿಯುತ್ತಂತೆ?"

"ಎರಡು ಗಂಟೆ ಸರ್. ಮಧ್ಯದಲ್ಲಿ ಸ್ವಲ್ಪ ಹೊತ್ತು ಬಿಡ್ತಾರೆ."

"ಮಧ್ಯದಲ್ಲಿ ಬಿಡ್ತಾರಾ?"

"ಹೌದು ಸರ್. ಬೇಕಾದವರು ಎದ್ದು ಹೊರಗೆ ಹೋಗಿ ಏನಾದ್ರೂ ತಿಂದ್ಕೊಂಡು ಬರಬಹುದು."

"ಅರ್ಧಂಬರ್ಧದಲ್ಲಿ ಎದ್ದು?"

"ಹೌದು ಸರ್. ಆಮೇಲೆ ಮತ್ತೆ ಲೈಟ್ ಆರಿಸಿ ಉಳಿದಿದ್ದು ಮುಗಿಸ್ತಾರೆ. ಕುರ್ಚಿ ಹಿಂದಕ್ಕೆ ಬಾಗುತ್ತೆ, ಕಣ್ಣಿಗೆ ಕಪ್ಪು ಕನ್ನಡಕ ಕೊಡ್ತಾರೆ. ನಾವೂ ಪಕ್ಕದಲ್ಲೇ ಕೂತು ನೋಡಬಹುದು."

ಮ್ಯಾನೇಜರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. "ವಿಜ್ಞಾನ ಎಲ್ಲಿಗೆ ಬಂತಪ್ಪ! ಆದ್ರೂ ಹೆತ್ತ ಕಣ್ಣಲ್ಲಿ ನೋಡೋದು ಸುಲಭವಾ? ಹೋಗು. ಬೇಕಾದ್ರೆ ಶನಿವಾರಾನೂ ರಜ ತಗೋ."

ಸಿನಿಮಾ ಬಗ್ಗೆ ಮ್ಯಾನೇಜರಿಗೆ ಇಷ್ಟೊಂದು ಗೌರವವಿದೆಯೆಂದು ಬೆರಗಾಗುತ್ತ ಹೌದಪ್ಪ ಹೊರಗೆ ಬಂದ. ಯಂತ್ರದ ಬಳಿ ಮ್ಯಾನೇಜರ ತುಟಿ ಓದಿ, ಆಮೇಲೆ ಗಾಜಿನಾಚೆಯಿಂದ ಎಲ್ಲವನ್ನೂ ನೋಡಿದ್ದ ಅಚ್ಚಿನ ಮೇಸ್ತ್ರಿ ಓಡಿ ಬಂದು ಕಿವಿಯ ಹತ್ತಿರ ಕೂಗಿದ. "ಆಪರೇಷನ್ ಅಂತಲ್ಲ, ಏನು ತೆಗೀತಾರಂತೆ?"

"ಏನು?"

"ಏನು ತೆಗೀತಾರೆ? ಅಂತ!"

"ಹೆದರಿಕೆ!" ಎಂದು ಕೂಗಿದ ಮೇಲೆ ಹೌದಪ್ಪನಿಗೆ ‘ಆಪರೇಷನ್’ ಎಂಬ ಪದ ತಡವಾಗಿ ತಲೆಗೆ ತಲುಪಿತು. ಗಾಜಿನ ಬಾಗಿಲಿಗೆ ವಾಪಸು ಹೋದ. ಒಳಗೆ ಹೋಗಿ ‘ಅಲ್ಲ ಸರ್’ ಎನ್ನಬೇಕು, ಎರಡೇ ಮಾತು. ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು ನಿಂತ. ಅವನ ಅವಸ್ಥೆ ನೋಡಿ ಮ್ಯಾನೇಜರೇ ಎದ್ದು ಬಂದು ಅಪ್ಪಿಕೊಂಡರು. "ಅಳಬೇಡ. ಧೈರ್ಯವಾಗಿರ್ತೀಯಲ್ಲ?"

"ಹೌದು ಸರ್" ಎಂದ. ಬಿಸಿತುಪ್ಪ ಗಂಟಲಲ್ಲೇ ಉಳಿಯಿತು.

ಅಚ್ಚಿನ ಮೇಸ್ತ್ರಿ ಹೌದಪ್ಪನ ಕಟ್ಟಡದಲ್ಲೇ ನೆಲಮಹಡಿಯಲ್ಲಿದ್ದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಇಂಥ ಸುದ್ದಿ ಸಿಕ್ಕರೆ ಬಿಟ್ಟಾರೆಯೇ? ಹೌದಪ್ಪ ಸಂಜೆ ಬರುವ ಹೊತ್ತಿಗೆ ಮೆಟ್ಟಿಲ ಬುಡದಲ್ಲಿ ಕಟ್ಟಡದ ಸಂಘದ ಕಾರ್ಯದರ್ಶಿ ಕಾದು ನಿಂತಿದ್ದರು. ಜೀವನವಿಡೀ ಒಂದು ಕಚೇರಿಯಲ್ಲಿ ಮೊಹರು ಒತ್ತಿ ನಿವೃತ್ತರಾದವರು. ಮೊಹರು ಕೈಬಿಟ್ಟರೂ ಅದರ ಭಾಷೆ ಬಾಯಿ ಬಿಟ್ಟಿರಲಿಲ್ಲ.

"ವಿಷಯ ನಮ್ಮ ಗಮನಕ್ಕೆ ಬಂದಿದೆ. ಹೆದರಿಕೆ ತೆಗೆಸುವ ಶಸ್ತ್ರಚಿಕಿತ್ಸೆ. ಶುಕ್ರವಾರ ಬೆಳಿಗ್ಗೆ ಲಿಫ್ಟು ನಿಮ್ಮ ಮಗುವಿಗಾಗಿ ಕಾಯ್ದಿರಿಸಲಾಗಿದೆ. ಬೇರೆಯವರು ಮೆಟ್ಟಿಲು ಬಳಸತಕ್ಕದ್ದು."

ಹೌದಪ್ಪ ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿದ. "ಸಾರ್, ಅದು ಸಿನಿಮಾ. ಮಗೂನ ಸಿನಿಮಾಕ್ಕೆ ಕರ್ಕೊಂಡು ಹೋಗ್ತಿದೀವಿ, ಅಷ್ಟೇ."

ಕಾರ್ಯದರ್ಶಿಗಳು ಮೇಲೆ ನೋಡಿದರು. ಮೆಟ್ಟಿಲ ಕಂಬಿ ಹಿಡಿದು ಮಿಣುಕಿ ನಿಂತಿದ್ದಳು. ಅವರ ಮುಖದಲ್ಲಿ ತಿಳಿವಳಿಕೆಯ ಬೆಳಕು ಹರಡಿತು. ಹೌದಪ್ಪನತ್ತ ತಿರುಗಿ ನಿಧಾನವಾಗಿ ಒಂದು ಕಣ್ಣು ಹೊಡೆದರು.

"ಅರ್ಥವಾಯಿತು. ಸಿನಿಮಾ. ಮಗುವಿಗೆ ಹಾಗೆ ಹೇಳಿದ್ದೀರಿ. ಬಹಳ ಸೂಕ್ತವಾದ ಕ್ರಮ. ಇನ್ನು ಮುಂದೆ ಕಟ್ಟಡದಲ್ಲಿ ಎಲ್ಲರೂ ಸಿನಿಮಾ ಅಂತಲೇ ಹೇಳತಕ್ಕದ್ದು."

ನೋಡಿ, ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ಕಂಡಿದ್ದೇವೆ. ನಿಜ ಹೇಳಿ ಸಿಕ್ಕಿಬಿದ್ದವನು ಹೌದಪ್ಪ ಒಬ್ಬನೇ. ಅಂದಿನಿಂದ ಅವನು ಬಾಯಿಬಿಟ್ಟು ‘ಸಿನಿಮಾ’ ಎಂದಾಗಲೆಲ್ಲ ಎದುರಿನವರು ಕಣ್ಣು ಹೊಡೆದರು. ಹಾಲಿನವನು ಹೊಡೆದ, ಇಸ್ತ್ರಿಯವನು ಹೊಡೆದ, ಮೇಸ್ತ್ರಿಯ ಹೆಂಡತಿ ಎರಡು ಸಲ ಹೊಡೆದು ತಾನೇ ನಾಚಿಕೊಂಡಳು.

ಮರುದಿನ ಬೆಳಿಗ್ಗೆಯೇ ಹೌದಪ್ಪನ ಅಕ್ಕ ಚೀಲ ಹಿಡಿದು ಬಂದಳು. ಒಳಗೆ ಕಾಲಿಡುವ ಮೊದಲೇ ಶುರುವಾಯಿತು. "ಏನೋ ಇದು? ಸ್ವಂತ ಅಕ್ಕನಿಗೆ ಊರವರಿಂದ ಗೊತ್ತಾಗಬೇಕಾ? ಹೆದರಿಕೆಗೆ ಆಪರೇಷನ್ನಂತೆ! ನಮ್ಮ ಕಾಲದಲ್ಲಿ ಬೆನ್ನಿಗೆ ಎರಡು ಬಿಟ್ರೆ ಹೋಗ್ತಿತ್ತು."

"ಅಕ್ಕ, ನಿಜವಾಗ್ಲೂ ಸಿನಿಮಾ ಕಣೇ."

"ಗೊತ್ತು ಬಿಡು. ನಮ್ಮ ದೊಡ್ಡವನಿಗೆ ಗಂಟಲ ಗಡ್ಡೆ ತೆಗೆಸುವಾಗ ನಾನೂ ಐಸ್‌ಕ್ರೀಂ ಕೊಡಿಸ್ತೀನಿ ಅಂತ ಹೇಳೇ ಕರ್ಕೊಂಡು ಹೋಗಿದ್ದು. ಟೇಬಲ್ ಮೇಲೆ ಮಲಗಿಸೋವರೆಗೂ ಐಸ್‌ಕ್ರೀಂ ಎಲ್ಲಿ ಎಲ್ಲಿ ಅಂತಿತ್ತು ಪಾಪ" ಎಂದು ಅವಳೂ ಕಣ್ಣು ಹೊಡೆದಳು. ಮಿಣುಕಿ ಬಾಗಿಲ ಹಿಂದೆ ನಿಂತಿದ್ದಳು.

ಸಂಜೆ ಅಕ್ಕನನ್ನು ನೋಡುವ ನೆಪದಲ್ಲಿ ಕಾರ್ಯದರ್ಶಿಗಳೂ ಮೇಸ್ತ್ರಿಯೂ ಬಂದರು. ಟೀ ಕುಡಿಯುತ್ತ ಮಾತು ಎದ್ದಿತು: ಹೆದರಿಕೆ ಇರುವುದು ದೇಹದ ಯಾವ ಭಾಗದಲ್ಲಿ?

"ಎದೇಲಿ" ಎಂದಳು ಅಕ್ಕ. "ಝಲ್ ಅನ್ನೋದು ಅಲ್ಲೇ ತಾನೇ?"

"ಹೊಟ್ಟೇಲಿ ಅಕ್ಕಾವ್ರೇ" ಎಂದ ಮೇಸ್ತ್ರಿ. "ಮ್ಯಾನೇಜರ್ ಕಂಡ್ರೆ ನಂಗೆ ತೊಳಸೋದು ಹೊಟ್ಟೇನೇ."

"ಎರಡೂ ತಪ್ಪು. ಮೊಣಕಾಲಿನಲ್ಲಿ" ಎಂದರು ಕಾರ್ಯದರ್ಶಿ. "ನಡುಗುವುದು ಯಾವುದು ಎಂಬುದನ್ನು ಪರಿಶೀಲಿಸಿ."

"ಒಂದೇ ಕಡೆ ಇರಲ್ವೇನೋ. ಹಾಗಾದ್ರೆ ಎಲ್ಲಾ ಕಡೆ ಕುಯ್ಯಬೇಕಾಗುತ್ತೆ" ಎಂದಳು ಅಕ್ಕ. ಎಲ್ಲರೂ ಹೌದಪ್ಪನತ್ತ ನೋಡಿದರು. ಅವನು ‘ಹೌದು’ ಎನ್ನಲಿಲ್ಲ, ಅಷ್ಟು ಮಾತ್ರ ಅವನ ಪರವಾಗಿ ಹೇಳಬಹುದು. ಎದ್ದು ಲೋಟಗಳನ್ನು ಒಳಗೆ ಇಟ್ಟು ಬಂದ.

ಆ ಸಂಜೆ ಅಮ್ಮನ ಹೊಲಿಗೆಯ ಕತ್ತರಿ ಕಾಣೆಯಾಯಿತು. ಮನೆಯೆಲ್ಲ ಹುಡುಕಿದ ಮೇಲೆ ಮಿಣುಕಿಯ ಶಾಲೆಚೀಲದ ತಳದಲ್ಲಿ, ಎರಡು ಕಾಲುಚೀಲದೊಳಗೆ ಸುತ್ತಿಟ್ಟದ್ದು ಸಿಕ್ಕಿತು. ಕೂದಲಿಗೆ ಎಣ್ಣೆ ಹಚ್ಚಿಸಿಕೊಳ್ಳುವಾಗ ಅವಳು ಅಪ್ಪನನ್ನು ಕೇಳಿದಳು.

"ಅಪ್ಪ, ಹೆದರಿಕೆ ತೆಗೆದ ಮೇಲೆ ಆ ಜಾಗದಲ್ಲಿ ಏನಿಡ್ತಾರೆ?"

ಹೌದಪ್ಪನ ಕೈ ನಿಂತುಬಿಟ್ಟಿತು. ಕೂತು ಹೇಳಿದ. ಯಾರೂ ಏನೂ ತೆಗೆಯುವುದಿಲ್ಲ, ಕುಯ್ಯುವುದಿಲ್ಲ. ಅದು ಬೊಂಬೆ ಸಿನಿಮಾ. ಅದರಲ್ಲೊಬ್ಬಳು ಹುಡುಗಿ. ಅವಳ ಹೆದರಿಕೆ ಒದ್ದೆ ಕಂಬಳಿಯಂಥ ಒಂದು ಪ್ರಾಣಿ. ಅವಳು ಅದನ್ನು ಬಚ್ಚಿಟ್ಟಷ್ಟೂ ಬೆಳೆಯುತ್ತದೆ, ಯಾರಿಗಾದರೂ ತೋರಿಸಿದರೆ ಕುಗ್ಗುತ್ತದೆ. ಮೇಡಂ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದ.

ಮಗಳು ಪೂರ್ತಿ ಕೇಳಿಸಿಕೊಂಡಳು. "ಹೌದಾ?" ಎಂದಳು. ದೊಡ್ಡವರು ಚಿಕ್ಕವರನ್ನು ಸಮಾಧಾನ ಮಾಡುವ ದನಿಯಲ್ಲಿ ಎಂದಳು.

ಇಷ್ಟಾದ ಮೇಲೆ ಕೊನೆಗೆ ಉಳಿದವಳು ಹೆಂಡತಿ. ಟಿಕೆಟ್ಟನ್ನು ಕಣ್ಣಾರೆ ನೋಡಿದ್ದವಳು. ಆದರೂ ನಾಲ್ಕು ದಿಕ್ಕಿನಿಂದ ಒಂದೇ ಮಾತು ಬಂದರೆ ಎಂಥವರ ತಲೆಯೂ ತಿರುಗುತ್ತದೆ. ಅಡುಗೆಮನೆಯಲ್ಲಿ ಗಂಡನನ್ನು ಹಿಡಿದು ನಿಲ್ಲಿಸಿದಳು. "ರೀ, ನನ್ನ ಮೇಲಾಣೆ ಮಾಡಿ ಹೇಳಿ. ಮಗೂಗೆ ಏನಾದ್ರೂ ಆಗಿದ್ಯಾ? ನನಗೆ ಗೊತ್ತಾದ್ರೆ ಅಳ್ತೀನಿ ಅಂತ ಮುಚ್ಚಿಡ್ತಿದೀರಾ?"

"ಅಯ್ಯೋ, ನೀನೂ ಶುರು ಮಾಡಬೇಡ ಮಾರಾಯ್ತಿ!"

"ನೋಡಿ, ನೋಡಿ, ಕಣ್ಣಲ್ಲಿ ನೀರು ಬಂತು ನಿಮಗೆ!" ಎಂದು ಅವಳು ಸೆರಗು ಬಾಯಿಗಿಟ್ಟುಕೊಂಡಳು.

ಶುಕ್ರವಾರ ಬಂತು. ಬಸ್ಸಿನಲ್ಲಿ ಸದ್ದಿಲ್ಲದೆ ಹೋಗಿ ಬರೋಣವೆಂದು ಹೌದಪ್ಪ ಬಾಗಿಲು ತೆಗೆದರೆ, ಕೆಳಗೆ ಕಾರ್ಖಾನೆಯ ವ್ಯಾನು ನಿಂತಿತ್ತು. ಮುಂದಿನ ಸೀಟಿನಲ್ಲಿ ಸ್ವತಃ ಮ್ಯಾನೇಜರು. ಹಿಂದೆ ಪ್ಲಾಸ್ಟಿಕ್ಕಿನ ವಾಸನೆಯ ನಡುವೆ ಮೇಸ್ತ್ರಿ. ಕಾರ್ಯದರ್ಶಿಗಳು ಲಿಫ್ಟಿನ ಬಾಗಿಲನ್ನು ಎರಡೂ ಕೈಯಿಂದ ತಡೆಹಿಡಿದು ನಿಂತಿದ್ದರು. ಅದು ಮುಚ್ಚಲು ಬಂದು ಬಂದು ಅವರ ಭುಜಕ್ಕೆ ಗುದ್ದುತ್ತಿತ್ತು. ಅಕ್ಕ ಗಂಜಿಯ ಫ್ಲಾಸ್ಕು ಹಿಡಿದು ಎಲ್ಲರಿಗಿಂತ ಮೊದಲು ವ್ಯಾನು ಹತ್ತಿದಳು. ದಾರಿಯಲ್ಲಿ ಅಕ್ಕ ಮಾತ್ರ ಒಮ್ಮೆ "ಎಷ್ಟು ಒಳ್ಳೆ ಸಿನಿಮಾ ಗೊತ್ತಾ ಕಂದಾ" ಎಂದು ಶುರು ಮಾಡಿ, ಮುಗಿಸಲಾರದೆ ಅತ್ತುಬಿಟ್ಟಳು.

ಕಾಂಪ್ಲೆಕ್ಸಿನ ಬಾಗಿಲಲ್ಲಿ ಮಹಡಿಗಳ ಫಲಕವಿತ್ತು. ಮ್ಯಾನೇಜರು ಓದಿ ಹುಬ್ಬು ಗಂಟಿಕ್ಕಿದರು. "ನಾಲ್ಕನೇ ಮಹಡಿ, ಚಿತ್ರಮಂದಿರ ಅಂತಿದೆಯಲ್ಲ?"

ಹೌದಪ್ಪನಿಗೆ ಜೀವ ಬಂದಂತಾಯಿತು. ದೇವರೇ ಫಲಕ ಬರೆಸಿದಂತಿತ್ತು.

"ಮಕ್ಕಳ ಧೈರ್ಯಕ್ಕಾಗಿ ಹಾಗೆ ಬರೆಸಿದ್ದಾರೆ" ಎಂದರು ಕಾರ್ಯದರ್ಶಿ. "ಬಹಳ ವ್ಯವಸ್ಥಿತವಾದ ಆಸ್ಪತ್ರೆ."

ಟಿಕೆಟ್ಟಿಲ್ಲದವರು ಮೇಲೆ ಹೋಗುವಂತಿಲ್ಲವೆಂದು ಕಾವಲಿನವನು ತಡೆದ. ಎಲ್ಲರೂ ಕೆಳಗೆ ಆಸ್ಪತ್ರೆಯ ಬೆಂಚಿನ ಮೇಲೆ, ಬ್ಯಾಂಡೇಜು ಸುತ್ತಿಕೊಂಡವರ ಸಾಲಿನಲ್ಲಿ ಕೂತರು. ಅಪ್ಪ ಅಮ್ಮ ಮಗಳು ಲಿಫ್ಟು ಹತ್ತಿದರು. ಜೊತೆಗೊಬ್ಬ ನರ್ಸು, ಗಾಲಿಕುರ್ಚಿಯಲ್ಲೊಬ್ಬ ಮುದುಕ. ಮೂರನೇ ಮಹಡಿಯಲ್ಲಿ ಬಾಗಿಲು ತೆರೆದುಕೊಂಡಿತು. ಉದ್ದನೆಯ ಬಿಳಿ ಓಣಿ, ಔಷಧದ ವಾಸನೆ. ಮಿಣುಕಿ ತಾನಾಗಿಯೇ ಒಂದು ಹೆಜ್ಜೆ ಮುಂದಿಟ್ಟಳು.

"ಇಲ್ಲೇ ಅಲ್ವಾ ಅಪ್ಪ?"

"ಅಲ್ಲ!" ಎಂದ ಹೌದಪ್ಪ. "ಅಲ್ಲ ಕಣಮ್ಮ, ಇಲ್ಲಲ್ಲ!" ಹುಟ್ಟಿದಾರಭ್ಯ ಬಾಯಿಗೆ ಬಾರದ ಮಾತು ಒಂದೇ ಉಸಿರಿಗೆ ಇಷ್ಟು ಸಲ ಬಂತು. ನರ್ಸು ತಿರುಗಿ ನೋಡಿದಳು. ಮಗಳು ಮಾತ್ರ ನಂಬಲಿಲ್ಲ.

ಒಳಗೆ ಕುರ್ಚಿ ಹಿಂದಕ್ಕೆ ಬಾಗಿತು. ಯಾರೋ ಬಂದು ಕಪ್ಪು ಕನ್ನಡಕ ಕೊಟ್ಟು ಹೋದರು. ದೀಪಗಳು ಒಂದೊಂದಾಗಿ ಆರಿದವು. ಮಿಣುಕಿ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು, ಕಣ್ಣು ಬಿಗಿದು ಮುಚ್ಚಿ ಮಲಗಿದಳು. ಪರದೆಯ ಮೇಲೆ ಬಣ್ಣಬಣ್ಣದ ಊರು, ಹಾರುವ ಸೈಕಲ್ಲು, ಒದ್ದೆ ಕಂಬಳಿಯಂಥ ಪ್ರಾಣಿ ಹಾಸಿಗೆಯ ಕೆಳಗಿನಿಂದ ಮೂತ್ರಕ್ಕೆ ಹೋಗಬೇಕೆಂದು ಅಳುವುದು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು.

"ಕಣ್ಣು ಬಿಡು ಪುಟ್ಟಾ, ಎಷ್ಟು ಚೆನ್ನಾಗಿದೆ ನೋಡು. ನಿಜವಾಗ್ಲೂ ಸಿನಿಮಾ."

"ಗೊತ್ತಪ್ಪ" ಎಂದಳು ಮಗಳು. ಕನ್ನಡಕ ಸರಿಸಿ, ಅವನತ್ತ ತಿರುಗಿ ಕಣ್ಣು ಹೊಡೆದಳು. ಒಂದೇ ಕಣ್ಣು ಮುಚ್ಚಲು ಬಾರದೆ ಎರಡನ್ನೂ ಮುಚ್ಚಿ ತೆಗೆದಳು. ಮತ್ತೆ ಹೊಟ್ಟೆ ಹಿಡಿದು ಮಲಗಿದಳು.

ವಿರಾಮದಲ್ಲಿ ದೀಪ ಹತ್ತಿತು. "ಅರ್ಧ ತೆಗೆದ್ರಾ?" ಎಂದು ಮಿಣುಕಿ ಕೇಳಿದಳು. ಅಮ್ಮ ಅವಳನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು. ಹೊರಗೆ ಹೋಗಿಬಿಡೋಣ ಎಂದರೆ, ಅರ್ಧಕ್ಕೆ ಎದ್ದರೆ ಮತ್ತೊಮ್ಮೆ ಮೊದಲಿನಿಂದ ಮಾಡುತ್ತಾರೆಂದು ಹುಡುಗಿ ಕುರ್ಚಿಯ ಕೈ ಬಿಡಲಿಲ್ಲ. ಉಳಿದರ್ಧದಲ್ಲಿ ಆ ಕಂಬಳಿ ಪ್ರಾಣಿ, ಹುಡುಗಿ ಯಾರಿಗೂ ತೋರಿಸದೆ ಬಚ್ಚಿಟ್ಟು ಬಚ್ಚಿಟ್ಟು, ಮನೆಯಷ್ಟು ದೊಡ್ಡದಾಯಿತು. ಹೌದಪ್ಪ ಬಿಕ್ಕಿ ಬಿಕ್ಕಿ ಅತ್ತ. ಹಿಂದಿನ ಸಾಲಿನ ಒಂದು ಮಗು "ಆ ಮಾಮ ಹೆದರ್ಕೊಂಡಿದಾರೆ" ಎಂದು ತನ್ನ ಅಮ್ಮನಿಗೆ ತೋರಿಸಿತು.

ಕೆಳಗೆ ಬಂದಾಗ ಬೆಂಚಿನವರೆಲ್ಲ ಎದ್ದು ನಿಂತರು.

"ಆಯ್ತಾ ಕಂದಾ?" ಎಂದಳು ಅಕ್ಕ.

ಮಿಣುಕಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಏನು ಹೇಳಿದರೆ ಬಿಡುತ್ತಾರೆಂದು ಆ ಮುಖಗಳಲ್ಲೇ ಬರೆದಿತ್ತು. "ಆಯ್ತು."

"ಹೆದರಿಕೆ?"

"ಹೋಯ್ತು."

"ಹೊಲಿಗೇನೂ ಇಲ್ಲ, ಗಾಯಾನೂ ಇಲ್ಲ!" ಎಂದು ಅಕ್ಕ ಅವಳ ಅಂಗಿ ಎತ್ತಿ ನೋಡಿ ಕೂಗಿದಳು. ಮೇಸ್ತ್ರಿ ಚಪ್ಪಾಳೆ ತಟ್ಟಿದ. ಬ್ಯಾಂಡೇಜಿನವರೂ ತಟ್ಟಿದರು, ಆಗದವರು ಒಂದೇ ಕೈಯಿಂದ ತೊಡೆಗೆ ತಟ್ಟಿದರು. ಹೌದಪ್ಪ ಬಾಯಿ ತೆರೆದ. ಈಗ ಹೇಳಿಬಿಡಬೇಕು, ಎಲ್ಲರೆದುರು, ಮಗಳೆದುರು. ಕೆಲಸ ಹೋದರೆ ಹೋಗಲಿ.

ಮ್ಯಾನೇಜರು ಅವನ ಎರಡೂ ಕೈ ಹಿಡಿದುಕೊಂಡರು. ಕಣ್ಣು ತುಂಬಿತ್ತು. "ಈಗ ಸಮಾಧಾನ ಆಯ್ತೇನಪ್ಪ?"

"ಹೌದು ಸರ್" ಎಂದ ಹೌದಪ್ಪ. ಮಿಣುಕಿ ಅವನನ್ನೇ ನೋಡುತ್ತಿದ್ದಳು.

ಅಲ್ಲಿಂದಾಚೆಗೆ ಎಲ್ಲರಿಗೂ ಒಳ್ಳೆಯದಾಯಿತು. ಶಾಲೆಯ ಗಂಟೆ ಹೊಡೆದರೆ ಮಿಣುಕಿ ಬೆಂಚಿನ ಕೆಳಗೆ ಹೋಗಲಿಲ್ಲ. ಬೆಂಚಿನ ಅಂಚನ್ನು ಬೆರಳು ಬಿಳಿಚಿಕೊಳ್ಳುವಷ್ಟು ಹಿಡಿದು ಕೂತಳು. ಮೇಡಂ ಫೋನ್ ಮಾಡಿ "ಅನಿಮೇಷನ್ ಅಂದ್ರೆ ಸುಮ್ನೇನಾ?" ಎಂದರು. ಬಚ್ಚಲಿಗೆ ಒಬ್ಬಳೇ ಹೋದಳು, ತುಟಿ ಕಚ್ಚಿಕೊಂಡು ಬಂದಳು. ಹೆಂಡತಿಗೆ ಕೆಲಸದಲ್ಲಿ ಅರ್ಧ ಹೊರೆ ಇಳಿದಂತಾಯಿತು. ಆಮೇಲೆ ಒಬ್ಬೊಬ್ಬರಾಗಿ ಹೌದಪ್ಪನನ್ನು ಗುಟ್ಟಾಗಿ ಕೇಳಲು ಬಂದರು. ಮೊದಲು ಮೇಸ್ತ್ರಿ. "ದೊಡ್ಡವರಿಗೂ ಮಾಡ್ತಾರಾ?" ನಂತರ ಅಕ್ಕ, ತನ್ನ ಗಂಡನಿಗಾಗಿ. ನಂತರ ಕಾರ್ಯದರ್ಶಿಗಳು, ನಿವೃತ್ತಿಯಾದಾಗಿನಿಂದ ಬೆಳಗಾದರೆ ಸಾಕು ಮೊಣಕಾಲು ನಡುಗುತ್ತದಂತೆ, ಯಾರಿಗೂ ಹೇಳಕೂಡದಂತೆ. ಕೊನೆಗೆ ಮ್ಯಾನೇಜರು ಗಾಜಿನ ಕೋಣೆಯ ಬಾಗಿಲು ಹಾಕಿ, ಮಾಲೀಕರ ಫೋನು ಬಂದರೆ ತಮಗೂ ಹೊಟ್ಟೆ ತೊಳಸುತ್ತದೆಂದು ಪಿಸುಗುಟ್ಟಿದರು. ಎಲ್ಲರಿಗೂ ಹೌದಪ್ಪ ನಾಲ್ಕನೇ ಮಹಡಿ ಎಂದ.

ಮಗಳು ಮಾತ್ರ ಅವನ ಬಳಿ ಬರುವುದನ್ನು ನಿಲ್ಲಿಸಿದ್ದಳು. ಸಂಜೆ ಅವನು ಬಂದರೆ ತಲೆಯೆತ್ತಿ ನಕ್ಕು, ಮತ್ತೆ ಪುಸ್ತಕಕ್ಕೆ ಬಗ್ಗುತ್ತಿದ್ದಳು. "ಇವತ್ತು ಏನಾದ್ರೂ ಆಯ್ತಾ?" ಎಂದರೆ "ಏನೂ ಇಲ್ಲಪ್ಪ" ಎನ್ನುತ್ತಿದ್ದಳು. ಇಷ್ಟು ದಿನ ತಾಳಿದ ಹೌದಪ್ಪನಿಗೆ ಒಂದು ಭಾನುವಾರ ತಡೆಯಲಾಗಲಿಲ್ಲ. ಅವಳು ಕಿಟಕಿಯ ಬಳಿ ಕೂತು ಬಣ್ಣ ಹಚ್ಚುತ್ತಿದ್ದಳು. ಹೋಗಿ ನೆಲದ ಮೇಲೆ ಎದುರಿಗೆ ಕೂತ.

"ಮಿಣುಕಿ, ಅಪ್ಪನಿಗೆ ನಿಜ ಹೇಳು. ಹೆದರಿಕೆ ಹೋಯ್ತಾ?"

"ಹೋಯ್ತಲ್ಲಪ್ಪ." ಅಂದು ಆಸ್ಪತ್ರೆಯ ಬೆಂಚಿನವರಿಗೆ ಹೇಳಿದ್ದ ಅದೇ ಮುಖ, ಅದೇ ದನಿ.

ಹೌದಪ್ಪ ಇನ್ನೂ ಹತ್ತಿರ ಸರಿದ. "ನಂಗೆ ಹೋಗಿಲ್ಲ ಕಣಮ್ಮ. ನಂಗೆ ತುಂಬಾ ಹೆದರಿಕೆ ಆಗ್ತಿದೆ. ಮ್ಯಾನೇಜರ್ ಕಂಡ್ರೆ ಹೆದರಿಕೆ, ನಿಜ ಹೇಳೋಕೆ ಹೆದರಿಕೆ. ನೀನು ನನ್ನ ಹತ್ರ ಮಾತಾಡಲ್ವಲ್ಲ, ಅದಕ್ಕಂತೂ..."

ಮಿಣುಕಿಯ ಕಣ್ಣು ಮಿಣಮಿಣ ಎಂದವು. ಎಷ್ಟೋ ದಿನದ ಮೇಲೆ ಎಂದವು. ಬಣ್ಣದ ಕಡ್ಡಿ ಬಿಸಾಕಿ, ಜಿಗಿದು ಬಂದು, ಎರಡೂ ಅಂಗೈಯಿಂದ ಅಪ್ಪನ ಬಾಯಿ ಮುಚ್ಚಿದಳು. ಬಾಗಿಲತ್ತ ನೋಡಿದಳು, ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದಳು. ಆಮೇಲೆ ಅವನ ಕಿವಿಗೆ ಬಾಯಿಟ್ಟಳು.

"ಜೋರಾಗಿ ಹೇಳ್ಬೇಡ ಅಪ್ಪ. ಅವರಿಗೆ ಕೇಳಿಸಿದ್ರೆ ನಿಂಗೂ ಮಾಡಿಸ್ಬಿಡ್ತಾರೆ."